ಪೈನ್ ಗಿಡಕ್ಕೆ ಗುಡ್ಲು ಕಟ್ಟಿದ್ದು

ನಮ್ಮವ್ವ ಮೊಸರಿಗೆ ಹೆಪ್ಪು ಹಾಕುವುದಿಲ್ಲ. ಹಾಲು ಕಾಯಿಸುತ್ತಾಳೆ, ಆರಿಸುತ್ತಾಳೆ, ಬೆರಳು ಅದ್ದಿ ಬಿಸಿ ನೋಡುತ್ತಾಳೆ, ಆಮೇಲೆ ಬಾಗಿಲಿಗೆ ಬಂದು ನನ್ನನ್ನು ಕೂಗುತ್ತಾಳೆ. ನಾನು ಊರಲ್ಲೇ ಮದುವೆಯಾದವಳು. ಗಂಡನ ಮನೆ ಪಕ್ಕದ ಬೀದಿ. ರವಿಕೆ ಹೊಲಿಯುತ್ತಾ ಕೂತವಳು ಮಿಷನ್ ಬಿಟ್ಟು ಎದ್ದು ಹೋಗಿ, ಒಂದು ಚಮಚ ಮಜ್ಜಿಗೆಯನ್ನು ಹಾಲಿಗೆ ಬಿಟ್ಟು ಬರಬೇಕು. ಅವ್ವ ತಾನೇ ಬಿಟ್ಟರೆ ಹಾಲು ಒಡೆಯುತ್ತದಂತೆ. ಒಡೆದದ್ದನ್ನು ನಾನಂತೂ ನೋಡಿಲ್ಲ, ಯಾಕೆಂದರೆ ಅವಳು ಬಿಟ್ಟದ್ದನ್ನೇ ನೋಡಿಲ್ಲ.

ವಿಷಯ ಏನೆಂದರೆ ಅವ್ವನಿಗೆ ಕೈರಾಸಿ ಇಲ್ಲ. ತಮಿಳುನಾಡಿನ ಮೇಚೇರಿ ಸುತ್ತಿನ, ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಹಳ್ಳಿಗಳಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ರಾಸಿ ಇರುತ್ತದೆ. ರಾಸಿ ಇರುವ ಕೈ ಹಾಕಿದ್ದು ಬೆಳೆಯುತ್ತದೆ, ಇಲ್ಲದ ಕೈ ಹಾಕಿದ್ದು ಒಣಗುತ್ತದೆ. ಯಾರ ಕೈ ಎಂಥದ್ದು ಅಂತ ಊರು ಒಮ್ಮೆ ತೀರ್ಮಾನ ಮಾಡಿಬಿಟ್ಟರೆ ಮುಗಿಯಿತು, ಅದಕ್ಕೆ ಅಪೀಲಿಲ್ಲ. ಅವ್ವನದು ತೀರ್ಮಾನವಾದದ್ದು ಅವಳು ಹೊಸ ಸೊಸೆಯಾಗಿ ಬಂದ ವರ್ಷ. ಕಡಲೆಕಾಯಿ ಬಿತ್ತುವಾಗ ಮೊದಲ ಹಿಡಿ ಬೀಜವನ್ನು ಅವಳ ಕೈಯಲ್ಲಿ ಹಾಕಿಸಿದರು. ಆ ವರ್ಷ ಬಹಳ ದಿನ ಮಳೆ ಬರಲೇ ಇಲ್ಲ. ಆಮೇಲೆ ಬಂದದ್ದು ಒಂದೇ ಸಾರಿಗೆ ಬಂದು ಬದುವಿನ ಸಮೇತ ಕೊಚ್ಚಿಕೊಂಡು ಹೋಯಿತು. ಮಳೆಯನ್ನು ಕರೆದು ನಿಲ್ಲಿಸಿ ಬಯ್ಯಲು ಆಗುವುದಿಲ್ಲ. ಹೊಸ ಸೊಸೆಯಾದರೆ ಮನೆಯಲ್ಲೇ ಇದ್ದಳು.

ಅಲ್ಲಿಂದ ಅವ್ವ ಮುಟ್ಟಿದ್ದೆಲ್ಲ ಲೆಕ್ಕಕ್ಕೆ ಬಂತು. ನುಗ್ಗೆಕೊಂಬೆ ನೆಟ್ಟಳು, ಮರವಾಯಿತು, ಮುರಿದು ಅಪ್ಪನ ಸೈಕಲ್ ಮೇಲೆ ಬಿತ್ತು. ತೆಂಗಿನ ಸಸಿ ನೆಟ್ಟಳು, ದುಂಬಿ ಕೊರೆಯಿತು. ಮಲ್ಲಿಗೆ ಬಳ್ಳಿ ಮಾತ್ರ ಬದುಕಿತು, ಆದರೆ ಗೋಡೆ ಹತ್ತಿ ಆಚೆಗೆ ಇಳಿದು ದೊಡ್ಡವ್ವನ ಅಂಗಳದಲ್ಲಿ ಹೂ ಬಿಟ್ಟಿತು.

ದೊಡ್ಡವ್ವ ಅಂದರೆ ಅಪ್ಪನ ಅಣ್ಣನ ಹೆಂಡತಿ, ಅವ್ವನ ವಾರಗಿತ್ತಿ. ಎರಡು ಮನೆಗೂ ಒಂದೇ ಗೋಡೆ. ಊರಿನಲ್ಲಿ ಅವಳಷ್ಟು ಕೈರಾಸಿ ಇನ್ನೊಬ್ಬರಿಗಿಲ್ಲ. ಈಗ ಉಳುವುದೆಲ್ಲ ಟ್ರಾಕ್ಟರ್, ಆದರೂ ಮೊದಲ ಹಿಡಿ ಬೀಜ ಹೆಂಗಸಿನ ಕೈಯಿಂದಲೇ ಬೀಳಬೇಕು, ಆ ಕೈ ದೊಡ್ಡವ್ವನದೇ ಆಗಿರಬೇಕು. ಆಡಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮಳೆ ಬಿದ್ದು ಬಿತ್ತನೆ ಶುರುವಾದರೆ ಅವಳು ಮಂತ್ರಿಯ ಹಾಗೆ ಓಡಾಡುತ್ತಾಳೆ. ಮೊಪೆಡ್ಡಿನ ಹಿಂದೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತು ಹೊಲದಿಂದ ಹೊಲಕ್ಕೆ ಹೋಗುತ್ತಾಳೆ, ಒಂದು ಹಿಡಿ ಬೀಜ ಹಾಕುತ್ತಾಳೆ, ಕಾಫಿ ಕುಡಿಯುತ್ತಾಳೆ, ಮುಂದಿನ ಹೊಲಕ್ಕೆ ಹೊರಡುತ್ತಾಳೆ. ಅವ್ವ ಆ ಹೊತ್ತಿಗೆ ಸರಿಯಾಗಿ ಅಂಗಳಕ್ಕೆ ಬೆನ್ನು ಹಾಕಿ ಪಾತ್ರೆ ತೊಳೆಯಲು ಕೂರುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ನನಗೆ ಅದನ್ನು ನೋಡಿದಾಗಲೆಲ್ಲ ಇಡೀ ಊರಿನ ಮೇಲೆ ಸಿಟ್ಟು ಬರುತ್ತಿತ್ತು, ಜೊತೆಗೆ ಅದನ್ನೆಲ್ಲ ನಂಬಿ ಕೂತ ಅವ್ವನ ಮೇಲೂ ಬರುತ್ತಿತ್ತು.

ಕೆಲವು ವರ್ಷಗಳ ಹಿಂದೆ, ತೈ ತಿಂಗಳ ಸಂಕ್ರಾಂತಿ ಹಬ್ಬ ಮುಗಿದ ಮೇಲೆ, ನಮ್ಮ ಹೆಂಗಸರ ಸಂಘದಿಂದ ಒಂದು ವ್ಯಾನ್ ಮಾಡಿಕೊಂಡು ಯೇರ್ಕಾಡಿಗೆ ಹೊರಟೆವು. ಒಂದು ಸೀಟು ಖಾಲಿ ಇತ್ತು. ಅವ್ವನನ್ನು ಕೂರಿಸಿಕೊಂಡೆ. ಸೇಲಂ ಜಿಲ್ಲೆಯಲ್ಲೇ ಹುಟ್ಟಿ ಬೆಳೆದು, ದೂರದಿಂದ ಆ ಬೆಟ್ಟವನ್ನು ನೋಡುತ್ತಲೇ ಮುದುಕಿಯಾದ ಅವಳು ಅದನ್ನು ಹತ್ತಿರಲಿಲ್ಲ. ಬೆಟ್ಟದ ದಾರಿಯಲ್ಲಿ ಪ್ರತಿ ತಿರುವಿನಲ್ಲೂ ಇದು ಎಷ್ಟನೇ ತಿರುವು ಅಂತ ಬೋರ್ಡು ಹಾಕಿದ್ದಾರೆ. ಅವ್ವನಿಗೆ ಬೋರ್ಡು ಬೇಕಾಗಲಿಲ್ಲ. ತಿರುವಿಗೊಂದು ಸಾರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ತಾನೇ ಲೆಕ್ಕ ಒಪ್ಪಿಸಿದಳು. ಮೇಲೆ ತಲುಪಿದಾಗ ಅವಳ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಎಲ್ಲರೂ ಕೆರೆ ನೋಡಿದರು, ಅವ್ವ ಕೆರೆಗೆ ಬೆನ್ನು ಹಾಕಿ ಮೆಣಸಿನಕಾಯಿ ಬಜ್ಜಿ ತಿಂದಳು.

ವಾಪಸ್ ಬರುವಾಗ ಒಂದು ನರ್ಸರಿಯ ಮುಂದೆ ವ್ಯಾನ್ ನಿಂತಿತು. ಎಲ್ಲರೂ ಗುಲಾಬಿಗೆ ಮುಗಿಬಿದ್ದರು. ಅವ್ವ ಮಾತ್ರ ನರ್ಸರಿಯವನ ಹತ್ತಿರ ಹೋಗಿ, ನಮ್ಮ ಕಡೆಯ ಬಿಸಿಲಲ್ಲಿ ಖಂಡಿತ ಸಾಯುವ ಗಿಡ ಯಾವುದು ಅಂತ ತಮಿಳಿನಲ್ಲಿ ಕೇಳಿದಳು. ಅವನು ತಪ್ಪು ಕೇಳಿಸಿತೇನೋ ಅಂದುಕೊಂಡು, ಸಾಯದೇ ಇರುವ ಗಿಡಗಳನ್ನೆಲ್ಲ ತೋರಿಸುತ್ತಾ ಹೋದ. ಅವ್ವ ಅದೆಲ್ಲ ಬೇಡವೆಂದು ತಲೆಯಾಡಿಸಿದಳು. ಕೊನೆಗೆ ಮೂಲೆಯಲ್ಲಿ ಕರಿ ಪ್ಲಾಸ್ಟಿಕ್ ಕವರಿನಲ್ಲಿ, ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ ನಿಂತಿದ್ದ ಒಂದು ಗೇಣುದ್ದದ ಗಿಡ ಅವಳ ಕಣ್ಣಿಗೆ ಬಿತ್ತು. ಎಲೆಯೇ ಇಲ್ಲ, ಎಲೆಯಿರಬೇಕಾದ ಕಡೆಯೆಲ್ಲ ಹಸಿರು ಸೂಜಿ.

"ಅದು ವೇಂಡಾಮ್ಮಾ," ಅಂದ ಅವನು, ಬೇಡವೆಂದು ಕೈಯಾಡಿಸುತ್ತಾ. ಅದು ಪೈನ್ ಗಿಡವಂತೆ, ತಂಪಿನಲ್ಲಿ ಬೆಳೆಯುವುದಂತೆ, ಕೆಳಗಿನ ಬಿಸಿಲಿಗೆ ಹೋದರೆ ಒಂದು ಬೇಸಿಗೆ ದಾಟುವುದಿಲ್ಲವಂತೆ.

"ಅದನ್ನೇ ಕೊಡಪ್ಪ," ಅಂದಳು ಅವ್ವ ಕನ್ನಡದಲ್ಲಿ. ಅವಳಿಗೆ ತುಂಬಾ ಖುಷಿಯಾದರೆ ತಮಿಳು ಮರೆತುಹೋಗುತ್ತದೆ.

ನರ್ಸರಿಯವನು ಬೇಸರದಿಂದಲೇ ಕವರನ್ನು ಪೇಪರಿನಲ್ಲಿ ಸುತ್ತುತ್ತಾ ನಾಲ್ಕು ಮಾತು ಹೇಳಿದ. ಬೇರಿನ ಮಣ್ಣು ಉದುರಿಸಬೇಡಿ, ಅದರಲ್ಲಿ ಬಿಳಿ ನೂಲಿನಂಥ ಬೂಷ್ಟು ಇರುತ್ತದೆ, ಅದೇ ಗಿಡಕ್ಕೆ ನೀರು ಹುಡುಕಿಕೊಡುವುದು. ನೀರು ಅಪರೂಪಕ್ಕೆ ಹಾಕಿ, ಹಾಕಿದರೆ ಆಳಕ್ಕೆ ಇಳಿಯುವ ಹಾಗೆ ಹಾಕಿ. ಮೊದಲ ಬೇಸಿಗೆ ಮಧ್ಯಾಹ್ನದ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ. ಗಿಡ ಬೆಳೆಯುತ್ತಿಲ್ಲ ಅಂತ ಅಲ್ಲಾಡಿಸಬೇಡಿ, ಅದು ಮೊದಲು ಕೆಳಗೆ ಬೇರು ಬಿಟ್ಟುಕೊಂಡು ಆಮೇಲೆ ಮೇಲಕ್ಕೆ ಬರುತ್ತದೆ. ನಾನು ಅರ್ಧ ಕೇಳಿಸಿಕೊಂಡೆ. ಅವ್ವ ಅದನ್ನೂ ಕೇಳಲಿಲ್ಲ, ಆಗಲೇ ವ್ಯಾನ್ ಹತ್ತಿ ಗಿಡವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಸಾಯೋ ಗಿಡ ಯಾಕವ್ವಾ ನಿನಗೆ?" ಅಂತ ಕೇಳಿದೆ.

ಎರಡು ತಿರುವಿನ ನಡುವೆ ಸಿಕ್ಕ ಬಿಡುವಿನಲ್ಲಿ ಹೇಳಿದಳು. "ಅದು ಎಂಗಿದ್ರೂ ಸಾಯೋದೇ ತಾನೇ. ಸತ್ರೆ ಬಿಸ್ಲಿಗೆ ಸತ್ತೋಯ್ತು ಅಂತಾರೆ. ನನ್ ಕೈ ಮೇಲ್ ಬರಲ್ಲ. ಅಲ್ಲೀ ಗಂಟ ನಂಗೂ ಒಂದ್ ಗಿಡ ಇದ್ದಂಗಾಯ್ತದೆ."

ಇದನ್ನು ಹೇಳಿ ಅವಳು ಮತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ನನಗೆ ನಗು ಬಂತು. ಆಮೇಲೆ ಮೇಚೇರಿ ಬರುವ ತನಕ ಆ ಮಾತು ಎದೆಯಲ್ಲಿ ಕೂತಿತ್ತು.

ಅವ್ವನ ಲೆಕ್ಕ ಕೆಡಿಸಿದವಳು ದೊಡ್ಡವ್ವ. ನಾವು ಅಂಗಳದಲ್ಲಿ ಗುಂಡಿ ತೋಡುವಾಗ ಗೋಡೆಯ ಮೇಲೆ ಅವಳ ತಲೆ ಕಾಣಿಸಿತು.

"ಏನ್ಲೇ ಅದು, ಗಿಡಾನಾ, ಪೊರಕೆನಾ?"

"ಪೈನ್ ಮರ ಅಕ್ಕ. ಯೇರ್ಕಾಡ್ದು. ನಮ್ ಬಿಸ್ಲಿಗೆ ತಾಳಲ್ವಂತೆ," ಅಂದಳು ಅವ್ವ, ಮುಂಚಿತವಾಗಿಯೇ ಜಾಮೀನು ತೆಗೆದುಕೊಳ್ಳುವವಳ ಹಾಗೆ.

"ಬಿಸ್ಲು ಪಾಪ ಏನ್ ಮಾಡೀತು? ನಿನ್ ಕೈಲಿ ನೆಟ್ರೆ ಯೇರ್ಕಾಡ್ನಾಗೂ ಬದ್ಕಲ್ಲ ಬಿಡು."

ದೊಡ್ಡವ್ವ ತಮಾಷೆಗೆ ಅಂದದ್ದು. ಬೀದಿಯಲ್ಲಿ ನಿಂತು ನೋಡುತ್ತಿದ್ದವರು ನಕ್ಕರು. ಅವ್ವನೂ ನಗುತ್ತಾಳೆ ಅಂದುಕೊಂಡೆ, ಯಾವಾಗಲೂ ನಗುತ್ತಿದ್ದಳು. ಆ ದಿನ ನಗಲಿಲ್ಲ. ಗುಂಡಿಯಿಂದ ಎದ್ದು, ಮಣ್ಣು ಮೆತ್ತಿದ ಕೈಯನ್ನು ಸೊಂಟಕ್ಕೆ ಕೊಟ್ಟು ನಿಂತಳು.

"ಬದುಕಿಸ್ತೀನಿ. ಬದುಕಿಸಿದ್ರೆ ಏನ್ ಮಾಡ್ತೀಯ?"

ದೊಡ್ಡವ್ವ ಸ್ವಲ್ಪ ತಬ್ಬಿಬ್ಬಾದಳು. ಆದರೆ ಅಷ್ಟು ಜನರ ಮುಂದೆ ಹಿಂದೆ ಸರಿಯುವವಳಲ್ಲ. "ಆಡಿ ತನಕ ಇದು ಅಸ್ರಾಗಿದ್ರೆ ನಮ್ ಒಲಕ್ಕೆ ಮೊದ್ಲ್ ಬೀಜ ನೀನೇ ಆಕು. ಸೆರಿನಾ?"

"ಸೆರಿ," ಅಂದಳು ಅವ್ವ. ಹೀಗೆ ಸಾಯಲೆಂದೇ ತಂದ ಗಿಡವನ್ನು ಸಾಯಲು ಬಿಡದೇ ಇರುವ ಕೆಲಸ ಶುರುವಾಯಿತು.

ಮೊದಲು ಅದನ್ನು ಕೊಲ್ಲಲು ಹೊರಟದ್ದು ಅವ್ವನ ಪ್ರೀತಿ. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಮಧ್ಯಾಹ್ನ ರಾಗಿ ಅಂಬಲಿ ತೆಳ್ಳಗೆ ಮಾಡಿ ಒಂದು ಲೋಟ, ಸಂಜೆ ಟೀ ಚರಟ. ಮೀನು ತೊಳೆದ ನೀರನ್ನು ಬೀದಿಯವರಿಂದ ಬೇಡಿ ತಂದಳು. ಕಣ್ಣಾಗಬಾರದೆಂದು ಕರಿದಾರ ಕಟ್ಟಿ, ದಾರಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದಳು. ಆ ನಿಂಬೆಹಣ್ಣಿನ ಭಾರಕ್ಕೇ ಗಿಡ ಬಾಗಿತು. ಸೂಜಿಯ ತುದಿಗಳು ಹಳದಿಯಾದವು. ಹಳದಿಯಾದಷ್ಟೂ ಅವ್ವ ನೀರು ಹೊಯ್ದಳು, ನೀರು ಹೊಯ್ದಷ್ಟೂ ಅದು ಹಳದಿಯಾಯಿತು.

ನನಗೆ ನರ್ಸರಿಯವನ ಅರ್ಧ ಮಾತು ಆಗ ನೆನಪಾಯಿತು. ಹೋಗಿ ಅವ್ವನ ಕೈಯಿಂದ ಬಕೆಟ್ ಕಿತ್ತುಕೊಂಡೆ.

"ಅದು ನೀರಲ್ಲಿ ಮುಳುಗಿ ಸಾಯ್ತಾ ಐತವ್ವಾ! ಮೇಚೇರೀಲಿ ನೀರ್ ಎಚ್ಚಾಗಿ ಸತ್ತ ಮೊದಲ್ನೇ ಗಿಡ ಇದೇ ಆಗ್ತದೆ!"

"ಕೂಸಿಗೆ ಅಸಿವಾಗಲ್ವಾ?"

"ಅಸಿವಾದ್ರೆ ತಾನೇ ಕೆಳಗೆ ಉಡುಕ್ಕೊಂಡ್ ಓಗ್ತದೆ. ಅದ್ಕೇ ಬೇರ್ ಇರೋದು."

ಹೀಗೆ ಅರಚಿದ ಮೇಲೆ ನಾವಿಬ್ಬರೂ ಒಂದು ಹಳೇ ಮಡಕೆಗೆ ತಳದಲ್ಲಿ ತೂತು ಮಾಡಿ, ಬತ್ತಿ ಸಿಕ್ಕಿಸಿ, ಗಿಡದ ಪಕ್ಕದಲ್ಲಿ ಕತ್ತಿನ ತನಕ ಹೂತೆವು. ಬತ್ತಿಗೆ ನನ್ನ ಹೊಲಿಗೆ ಮಿಷನ್ ಕೆಳಗೆ ಬಿದ್ದಿದ್ದ ಕಾಟನ್ ರವಿಕೆ ತುಂಡು. ಮಡಕೆಗೆ ತುಂಬಿದ ನೀರು ಒಳಗೇ ಒಸರುತ್ತಾ ಬೇರಿನ ಕಡೆ ಹೋಗುತ್ತದೆ. ಬುಡಕ್ಕೆ ಕಡಲೆಕಾಯಿ ಸಿಪ್ಪೆ ಹರವಿ, ಅದರ ಮೇಲೆ ಚಪ್ಪಟೆ ಕಲ್ಲು ಜೋಡಿಸಿದೆವು, ಮಣ್ಣು ಕಾಯದಿರಲಿ ಅಂತ. ಹಳದಿ ಅಲ್ಲಿಗೇ ನಿಂತಿತು. ಆದರೆ ಗಿಡವೂ ಅಲ್ಲಿಗೇ ನಿಂತಿತು. ಮಾಸಿ ತಿಂಗಳು ಕಳೆಯಿತು, ಅದು ಒಂದು ಗೇಣು. ಪಂಗುನಿ ತಿಂಗಳು ಬಂತು, ಆಗಲೂ ಒಂದು ಗೇಣು. ದೊಡ್ಡವ್ವ ದಿನಾ ಬಂದು ಕೈಯಗಲಿಸಿ ಅಳೆದು, "ನನ್ ಗೇಣೇ ಬೆಳೀತಾ ಐತೇನೋ," ಅಂತ ಹೇಳಿ ಹೋಗುತ್ತಿದ್ದಳು. ಕೆಳಗೆ ಬೇರು ಇಳಿಯುತ್ತಿದೆ ಅಂತ ನಾನು ಎಷ್ಟು ಹೇಳಿದರೂ, ಕಾಣದ ಬೆಳೆಯನ್ನು ನಂಬಲು ಆ ಬೀದಿಯಲ್ಲಿ ಯಾರೂ ತಯಾರಿರಲಿಲ್ಲ.

ಪಂಗುನಿ ಬಿಸಿಲು ಏರಿದ ಮೇಲೆ ಸೂಜಿಗಳು ಮಧ್ಯಾಹ್ನ ಜೋತುಬೀಳಲು ಶುರುವಾದವು. ನೆರಳು ಬೇಕಿತ್ತು. ಅವ್ವ ತನ್ನ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ ಫೋನ್ ಮಾಡಿದಳು. ಮೊರಪ್ಪೂರಿನಲ್ಲಿ ಅವನಿಗೆ ತೆಂಗಿನ ತೋಟವಿದೆ. ಫೋನಿನಲ್ಲಿ ಅವ್ವ ಹೇಳಿದ್ದು ಇಷ್ಟೇ, ಗರಿ ಕಡ್ಕೊಂಡ್ ಬಾ, ಒಂದು ಸಣ್ಣ ಗುಡ್ಲು ಕಟ್ಟಬೇಕು. ಯಾರಿಗೆ ಅಂತ ಅವನು ಕೇಳಿದಾಗ, ಗಿಡಕ್ಕೆ ಅಂದಳು. ಸೆರಿ ಅಂದ. ನಮ್ಮ ಮಾವ ಅಕ್ಕ ಹೇಳಿದ್ದಕ್ಕೆ ಎದುರು ಮಾತಾಡುವವನಲ್ಲ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮನೆಯಲ್ಲಿ ಹುಡುಗಿ ದೊಡ್ಡವಳಾದರೆ ಅವಳ ಸೋದರಮಾವ ಬಂದು ಹಸಿ ತೆಂಗಿನ ಗರಿಯಲ್ಲಿ ಅಂಗಳದ ಮೂಲೆಗೆ ಗುಡ್ಲು ಕಟ್ಟಬೇಕು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಅಡ್ಡಕ್ಕೆ ಒಂದು ಒನಕೆ ಮಲಗಿಸಬೇಕು. ಹುಡುಗಿ ಕೆಲವು ದಿನ ಅದರೊಳಗೆ ಇರುತ್ತಾಳೆ. ನೆಂಟರು, ಬೀದಿಯವರು ತಟ್ಟೆಗಳಲ್ಲಿ ಸೀರು ತರುತ್ತಾರೆ. ಉದ್ದು, ಕರಿಬೆಲ್ಲ, ಎಳ್ಳೆಣ್ಣೆ, ಮೊಟ್ಟೆ, ಹೂವು, ಬಳೆ. ಮಾವ ತನ್ನ ಜೀವಮಾನದಲ್ಲಿ ಕಟ್ಟಿದ್ದೆಲ್ಲ ಆ ಥರದ ಗುಡ್ಲುಗಳೇ. ನನಗೆ ಕಟ್ಟಿದವನೂ ಅವನೇ. ಗುಡ್ಲು ಅಂದರೆ ಹೀಗೆ ಅಂತ ಅವನ ಕೈಗೆ ಬರೆದುಹೋಗಿತ್ತು. ಬಸ್ಸಿನ ಟಾಪ್ ಮೇಲೆ ಹಸಿ ಗರಿ ಹಾಕಿಕೊಂಡು ಬಂದ, ಗೂಟ ನೆಟ್ಟ, ಗರಿ ಹೆಣೆದ, ಬಾಗಿಲು ಬಿಟ್ಟ. ಬಾಗಿಲು ಬಿಟ್ಟ ಮೇಲೆ ಬೇವು ಇಲ್ಲದಿದ್ದರೆ ಹೇಗೆ ಅಂತ ಬೇವು ಸಿಕ್ಕಿಸಿದ. ಬೇವಿನ ಮೇಲೆ ಒನಕೆ. ಎಲ್ಲ ಮುಗಿಸಿ, ಒಳಗೆ ಹೋಗಿ ಉಂಡು ಮಲಗಿದ.

ನಾನು ನನ್ನ ಮನೆಯಲ್ಲಿ ತೋಳು ಹೊಲಿಯುತ್ತಿದ್ದೆ. ಸಂಜೆ ಹೊತ್ತಿಗೆ ಬೀದಿಯಲ್ಲಿ ಹೆಂಗಸರು ಒಳ್ಳೆ ಸೀರೆ ಉಟ್ಟುಕೊಂಡು, ತಟ್ಟೆ ಹಿಡಿದು, ಅವ್ವನ ಮನೆ ಕಡೆ ಹೋಗುವುದು ಕಾಣಿಸಿತು. ಏನೋ ಆಗಿದೆ ಅಂತ ಹೆದರಿ ಓಡಿದೆ. ಹೋಗಿ ನೋಡಿದರೆ ಅಂಗಳ ತುಂಬಾ ಜನ. ಮುಂದೆ ದೊಡ್ಡವ್ವ, ಅವಳ ತಟ್ಟೆ ಎಲ್ಲರದಕ್ಕಿಂತ ದೊಡ್ಡದು. ಅವ್ವನ ಮುಖದಲ್ಲಿ ಸಂತೋಷವೋ ಸಂತೋಷ. ತನ್ನ ಗಿಡ ಬಿಸಿಲಿಗೆ ಬಾಡಿದ ಸುದ್ದಿ ಕೇಳಿ ಊರೇ ನೋಡಲು ಬಂದಿದೆ ಅಂತ ಅವಳು ತಿಳಿದುಕೊಂಡಿದ್ದಳು. ನನಗೆ ಇರುವುದು ಇಬ್ಬರು ಗಂಡುಮಕ್ಕಳು, ಹಾಗಾಗಿ ಬಂದವರೆಲ್ಲ ಇದು ನೆಂಟರ ಕಡೆಯ ಯಾವುದೋ ಹುಡುಗಿ ಅಂತ ತೀರ್ಮಾನಿಸಿದ್ದರು.

"ಯಾವಾಗ್ಲೇ ಇದೆಲ್ಲಾ? ಒಂದ್ ಮಾತ್ ಏಳ್ಬಾರ್ದಾ?" ಅಂತ ದೊಡ್ಡವ್ವ ಗದರಿದಳು. "ಕೂಸು ಎಂಗೈತೆ?"

"ಸೊರಗೋಗೈತೆ ಅಕ್ಕ. ಈ ಬಿಸ್ಲು ನೋಡು."

"ಒಟ್ಟೆಗೇನ್ ಕೊಡ್ತಾ ಇದ್ದೀಯ?"

"ಬರೀ ನೀರು. ಅದೂ ದಿನಾ ಕೊಡ್ಬಾರ್ದಂತೆ. ನನ್ ಮಗ್ಳು ಬಿಡಲ್ಲ."

ಎಲ್ಲ ಹೆಂಗಸರೂ ತಿರುಗಿ ನನ್ನನ್ನು ನೋಡಿದರು. ಆ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಅಷ್ಟೊತ್ತಿಗೆ ಒನಕೆಯೂ ಬೇವೂ ನನ್ನ ಕಣ್ಣಿಗೆ ಬಿದ್ದವು, ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ದೊಡ್ಡವ್ವ ತಟ್ಟೆಯನ್ನು ನನ್ನ ಕೈಗೆ ತುರುಕಿ, ಒನಕೆ ದಾಟಿ, ಗರಿ ಸರಿಸಿ, "ಬಾರಮ್ಮ ಬಂಗಾರೀ," ಅನ್ನುತ್ತಾ ತಲೆ ಒಳಗೆ ಹಾಕಿದಳು.

ಬಹಳ ಹೊತ್ತು ತಲೆ ಹೊರಗೆ ಬರಲಿಲ್ಲ. ಬಂದಾಗ ಅವಳ ಮುಖ ನೋಡಬೇಕಿತ್ತು.

"ಲೇ," ಅಂದಳು ನಿಧಾನಕ್ಕೆ, "ಒಳಗೆ ಆ ಪೊರಕೆ ಕೂತೈತೆ."

ಗಲಾಟೆ ಎದ್ದಿತು. ಮಾವನನ್ನು ಎಬ್ಬಿಸಿ ಹೊರಗೆ ಎಳೆದು ತಂದರು. ಅವನು ಕಣ್ಣುಜ್ಜಿಕೊಳ್ಳುತ್ತಾ, "ಗುಡ್ಲು ಕಟ್ಟು ಅಂದ್ರು, ಕಟ್ಟಿದೆ. ಬೇರೆ ಮಾಡಲ್ ನಂಗೆ ಬರಲ್ಲ," ಅಂದ. ಕೆಲವರು ನಕ್ಕರು, ಕೆಲವರಿಗೆ ಸಿಟ್ಟು. ಒಬ್ಬಳು ತಟ್ಟೆ ಎತ್ತಿಕೊಂಡು ಹೊರಟೇಬಿಟ್ಟಳು. ಅವಳನ್ನು ತಡೆದವಳು ದೊಡ್ಡವ್ವ. ಗುಡ್ಲಿನ ಬಾಗಿಲಿಗೆ ಬಂದ ಸೀರನ್ನು ವಾಪಸ್ ಒಯ್ಯಬಾರದು, ಒಯ್ದರೆ ಎರಡು ಮನೆಗೂ ಒಳ್ಳೆಯದಲ್ಲ. ಇದು ಪದ್ಧತಿ. ಒಳಗೆ ಇರುವುದು ಹುಡುಗಿಯೋ ಪೊರಕೆಯೋ ಅನ್ನುವುದರ ಬಗ್ಗೆ ಪದ್ಧತಿ ಏನೂ ಹೇಳುವುದಿಲ್ಲ. ಹೆಂಗಸರು ಅಂಗಳದಲ್ಲೇ ಕೂತು ಚರ್ಚೆ ಮಾಡಿದರು. ಕೊನೆಗೆ, ಬಂದದ್ದಾಗಿದೆ, ಮಾಡಿಬಿಡೋಣ ಅಂತಾಯಿತು.

ಹೀಗೆ ಪೈನ್ ಗಿಡಕ್ಕೆ ಆರತಿಯಾಯಿತು. ಬಳೆಗಳನ್ನು ಮಡಕೆಯ ಕತ್ತಿನ ಸುತ್ತ ಜೋಡಿಸಿದರು. ಅರಿಶಿನದ ನೀರು ಹೊಯ್ಯಲು ಒಬ್ಬಳು ಬಿಂದಿಗೆ ಎತ್ತಿದಾಗ ಅವ್ವ, "ಏಯ್, ನೀರ್ ಎಚ್ಚಾದ್ರೆ ಸತ್ತೋಗ್ತದೆ!" ಅಂತ ಕಿರುಚಿ ಅಡ್ಡ ನಿಂತಳು. ಬೆರಳಲ್ಲಿ ಅದ್ದಿ ಚಿಮುಕಿಸಿದರು. ಮಾವನಾದವನು ಬರಿಗೈಯಲ್ಲಿ ನಿಲ್ಲಬಾರದೆಂದು ಹೆಗಲ ಮೇಲಿದ್ದ ಟವಲ್ಲನ್ನೇ ಗುಡ್ಲಿನ ಗೂಟಕ್ಕೆ ಕಟ್ಟಿಸಿದರು. ಉದ್ದಿನ ಹಿಟ್ಟಿಗೆ ಕರಿಬೆಲ್ಲ ಕೂಡಿಸಿ ಕಳಿ ಮಾಡಿ, ಎಳ್ಳೆಣ್ಣೆ ಹೊಯ್ದುಕೊಂಡು, ಗಿಡದ ಪರವಾಗಿ ನಾವೇ ತಿಂದೆವು. ಎಷ್ಟು ದಿನ ಗುಡ್ಲಿನಲ್ಲಿ ಕೂರಿಸಬೇಕು ಅಂತ ಯಾರೋ ಕೇಳಿದರು. ಮಳೆ ಬರೋ ತನಕ ಅಂದ ಮಾವ.

ಆ ದಿನದಿಂದ ಅದು ಬರೀ ಅವ್ವನ ಗಿಡವಾಗಿ ಉಳಿಯಲಿಲ್ಲ. ಸೀರು ಕೊಟ್ಟವರೆಲ್ಲರಿಗೂ ಅದರಲ್ಲಿ ಒಂದು ಪಾಲು ಬಂದಂತಾಯಿತು. ಬಸ್ಸಿಗೆ ಓಡುವವರು ಓಡುತ್ತಲೇ, "ಕೂಸು ಎಂಗೈತೆ?" ಅಂತ ಕೂಗಿ ಹೋಗುತ್ತಿದ್ದರು. ಗುಡ್ಲಿನ ನೆರಳಿಗೆ ಸೂಜಿಗಳು ಮತ್ತೆ ನೆಟ್ಟಗಾದವು. ಚಿತ್ತಿರೆ ತಿಂಗಳಲ್ಲಿ, ನೆಲದ ಮೇಲೆ ಕಾಲಿಡಲಾಗದ ಬಿಸಿಲಲ್ಲಿ, ನಡುವಿನ ತುದಿಯಿಂದ ಒಂದು ತಿಳಿಹಸಿರು ಚಿಗುರು ಎದ್ದಿತು. ಅವ್ವ ನನ್ನನ್ನು ಕೂಗಿದ ಕೂಗಿಗೆ ಮೊಸರಿನ ಪಾತ್ರೆ ಉರುಳಿತೇನೋ ಅಂದುಕೊಂಡು ಓಡಿದೆ. ಇಬ್ಬರೂ ಗುಡ್ಲಿನೊಳಗೆ ಮಂಡಿಯೂರಿ ಕೂತು ಆ ಚಿಗುರನ್ನು ನೋಡಿದೆವು. ಅವ್ವ ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

ಆ ಚಿಗುರನ್ನು ದೊಡ್ಡವ್ವನ ಟಗರು ತಿಂದಿತು.

ನಮ್ಮ ಮೇಚೇರಿ ಕುರಿಗಳು ಹೆಸರುವಾಸಿ. ಕೆಂಪಗೆ, ಗಟ್ಟಿಯಾಗಿ, ಯಾವ ಬರಗಾಲದಲ್ಲೂ ಏನನ್ನಾದರೂ ಹುಡುಕಿ ತಿಂದು ಬದುಕುತ್ತವೆ. ಈ ಟಗರು ಹಗ್ಗ ಬಿಚ್ಚಿಕೊಂಡು ಬಂದು, ಒನಕೆ ದಾಟಿ, ಬಾಗಿಲಿನ ಒಣಗಿದ ಬೇವು ತಿಂದು, ಮಾವನ ಟವಲ್ಲಿನ ಅಂಚು ತಿಂದು, ಕೊನೆಗೆ ಗಿಡದ ನೆತ್ತಿಯನ್ನು ಕಚ್ಚಿ ಜಗಿದಿತ್ತು. ನಾನು ಹೋದಾಗ ಅವ್ವ ಗುಡ್ಲಿನ ಮುಂದೆ ಕಾಲು ಚಾಚಿ ಕೂತಿದ್ದಳು. ಬೀದಿಯ ಹೆಂಗಸರು ಸುತ್ತ ನಿಂತಿದ್ದರು.

"ನೀನಾದ್ರೂ ನೆಟ್ಟಿದ್ರೆ ಬದ್ಕೋದು," ಅಂದಳು ಅವ್ವ ನನಗೆ. ಅಳುತ್ತಿರಲಿಲ್ಲ. ಗೊತ್ತಿದ್ದ ವಿಷಯ ಹೇಳಿದ ಹಾಗೆ ಹೇಳಿದಳು. ನನಗೆ ಆ ಟಗರನ್ನು ಅಲ್ಲೇ ಸಾರು ಮಾಡಬೇಕು ಅನ್ನಿಸಿತು.

ಹಿಂದಿನಿಂದ ಒಬ್ಬಳು, "ಪಾಪ, ಅವ್ಳ್ ಕೈಗೆ ಬಂದ್ಮೇಲೆ ಇನ್ನೇನಾಯ್ತದೆ," ಅಂದಳು.

ದೊಡ್ಡವ್ವ ಆಗಷ್ಟೇ ಟಗರನ್ನು ಕಟ್ಟಿ ಬಂದಿದ್ದಳು. ತಿರುಗಿ ನಿಂತಳು. "ಅವ್ಳ್ ಕೈ ಏನ್ ಮಾಡ್ತು? ಕುರಿ ನಂದು. ಅಗ್ಗ ಕಟ್ಟಿದ್ದು ಈ ಕೈ," ಅಂತ ತನ್ನ ಬಲಗೈ ಎತ್ತಿ ತೋರಿಸಿದಳು. "ಬಯ್ಯಂಗಿದ್ರೆ ಈ ಕೈನ ಬಯ್ಯಿ."

ಆ ಮಾತಾಡಿದವಳು ಹಿಂದಕ್ಕೆ ಸರಿದಳು. ಆ ಕೈ ಹಾಕಿದ ಬೀಜವೇ ಅವರೆಲ್ಲರ ಹೊಲದಲ್ಲಿ ಬೆಳೆದದ್ದು. ನನಗೂ ದೊಡ್ಡವ್ವನ ಮೇಲೆ ವರ್ಷಗಟ್ಟಲೆ ಇದ್ದ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಆದರೆ ಗಿಡಕ್ಕೆ ನೆತ್ತಿ ಇರಲಿಲ್ಲ. ನಡು ಮೊಂಡಾಗಿ, ಕೆಳಗೆ ನಾಲ್ಕೈದು ಅಡ್ಡ ಕೊಂಬೆಗಳು ಕೈ ಚಾಚಿದ ಹಾಗೆ ಉಳಿದಿದ್ದವು. ಬಾಗಿಲಿಗೆ ಮುಳ್ಳು ಜಾಲಿಯ ಕೊಂಬೆ ಕಟ್ಟಿ, ಮಡಕೆಗೆ ನೀರು ತುಂಬುವುದನ್ನು ಮಾತ್ರ ಬಿಡಲಿಲ್ಲ. ಬೇರು ಆಳಕ್ಕೆ ಹೋಗಿದ್ದರೆ ಬದುಕೀತು ಅಂತ ನಾನು ಹೇಳಿದೆ. ನನಗೇ ನಂಬಿಕೆ ಇರಲಿಲ್ಲ.

ಕೆಲವು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವ್ವ ಬಂದು ನನ್ನ ಮಿಷನ್ ಪಕ್ಕ ನಿಂತು, "ಒಂದ್ ಕೈ ಮೇಲಕ್ಕೆದ್ದಂಗೈತೆ, ಬಂದ್ ನೋಡು," ಅಂದಳು. ನಿಜ. ಅಡ್ಡಕ್ಕಿದ್ದ ಕೊಂಬೆಗಳಲ್ಲಿ ಒಂದು, ಗೋಡೆಯ ಕಡೆಯದು, ತುದಿಯನ್ನು ಮೇಲಕ್ಕೆ ತಿರುಗಿಸಿತ್ತು. ದಿನ ಕಳೆದ ಹಾಗೆ ಇನ್ನಷ್ಟು ತಿರುಗಿತು. ನೆತ್ತಿ ಹೋದರೆ ಪೈನ್ ಗಿಡ ಒಂದು ಪಕ್ಕದ ಕೊಂಬೆಯನ್ನೇ ಎಬ್ಬಿಸಿ ನೆತ್ತಿ ಮಾಡಿಕೊಳ್ಳುತ್ತದೆ ಅಂತ ಆಮೇಲೆ ಫೋನಿನಲ್ಲಿ ಓದಿ ತಿಳಿದುಕೊಂಡೆ. ಆಗ ನಮಗೆ ಗೊತ್ತಿರಲಿಲ್ಲ, ಹಾಗಾಗಿ ಅದು ಅವ್ವನಿಗೋಸ್ಕರವೇ ಮಾಡುತ್ತಿದೆ ಅನ್ನಿಸಿತ್ತು. ಆಡಿ ಹುಟ್ಟುವ ಹೊತ್ತಿಗೆ ಹೊಸ ನೆತ್ತಿ ನೆಟ್ಟಗೆ ನಿಂತಿತ್ತು. ನಡುವಿನಲ್ಲಿ ಮಾತ್ರ ಒಂದು ಸೊಟ್ಟ, ಸೊಂಟ ಹಿಡಿದವರ ಹಾಗೆ.

ಮೊದಲ ಮಳೆ ಬಿತ್ತು. ಮಾವ ಬಂದು ಗುಡ್ಲು ಬಿಚ್ಚಿದ. ಬೀದಿಯವರೆಲ್ಲ ನೋಡಲು ಸೇರಿದರು. ಸೊಟ್ಟಗಿರುವ ಗಿಡ ಬದುಕಿದ್ದರ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಇಬ್ಬರು ವಾದಕ್ಕೆ ನಿಂತರು. ದೊಡ್ಡವ್ವ ಗೇಣು ಹಾಕಿ ಅಳೆದಳು. ಬುಡದಿಂದ ಸೊಟ್ಟದ ತನಕ ಒಂದು ಸಾರಿ, ಸೊಟ್ಟದಿಂದ ಮೇಲಕ್ಕೆ ಇನ್ನೊಂದು ಸಾರಿ.

"ಅಸ್ರಾಗೈತೆ," ಅಂದಳು. "ನಾಳೆ ಬೆಳಿಗ್ಗೆ ಒಲಕ್ಕೆ ಬಾ."

ಅವ್ವ ಮರುದಿನ ಮದುವೆಗೆ ಉಡುವ ಸೀರೆ ಉಟ್ಟು ಬಂದಳು. ಟ್ರಾಕ್ಟರ್ ಸಾಲು ಹೊಡೆದು ನಿಂತಿತ್ತು. ದೊಡ್ಡವ್ವ ಬೀಜದ ಮಂಕರಿ ಮುಂದೆ ಹಿಡಿದಳು. ಅವ್ವ ಬಾಟಲಿ ನೀರಲ್ಲಿ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡಳು. ಮತ್ತೆ ತೊಳೆದಳು. ಮಂಕರಿಗೆ ಕೈ ಹಾಕಲು ಹೋಗಿ ನನ್ನ ಕಡೆ ತಿರುಗಿ, "ನೀನ್ ಆಕ್ಬಿಡು," ಅಂದಳು.

"ನಿನ್ ಮಗ್ಳು ಕ್ಯೂನಾಗೆ ಇಲ್ಲ," ಅಂದಳು ದೊಡ್ಡವ್ವ. "ಬೇಗ ಆಕು. ಟ್ರಾಕ್ಟರ್ ಬಾಡ್ಗೆ ಓಡ್ತಾ ಐತೆ."

ಅವ್ವ ಒಂದು ಹಿಡಿ ತೆಗೆದು, ಸಾಲಿನ ಉದ್ದಕ್ಕೂ ಬಗ್ಗಿ ನಡೆಯುತ್ತಾ, ಒಂದೊಂದೇ ಬೀಜವನ್ನು ಮಲಗಿಸುವ ಹಾಗೆ ಇಟ್ಟು ಬಂದಳು. ಅಷ್ಟು ಹೊತ್ತು ಟ್ರಾಕ್ಟರ್ ಡ್ರೈವರ್ ಕೂಡ ಹಾರ್ನ್ ಹೊಡೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಮಾವ ದೂಳು ದೂಳು ಅಂತ ಹೇಳಿಕೊಂಡು ಕಚ್ಚಿಸಿಕೊಂಡ ಟವಲ್ಲಿನಲ್ಲಿ ಮುಖ ಒರೆಸಿಕೊಂಡ. ಮಳೆ ಬಿದ್ದ ನೆಲದಲ್ಲಿ ದೂಳು ಎಲ್ಲಿಂದ ಬಂತೋ.

ಒಂದು ವಾರದ ಮೇಲೆ ಹೊಲಕ್ಕೆ ಹೋಗಿ ನೋಡಿದರೆ ಅರ್ಧ ಬೀಜ ಮೊಳೆತಿರಲಿಲ್ಲ. ಒಂದು ಸಾಲು ಹಸಿರು, ಪಕ್ಕದ ಸಾಲು ಬೋಳು. ಬದುವಿನ ಮೇಲೆ ಆಗಲೇ ಎಲ್ಲರೂ ಸೇರಿದ್ದರು, ಅವ್ವನೂ ಇದ್ದಳು. ನಾನು ಹತ್ತಿರ ಹೋಗಲು ಹೆದರಿ ಸ್ವಲ್ಪ ದೂರದಲ್ಲೇ ನಿಂತೆ.

ದೊಡ್ಡವ್ವ ಕಾಗೆ ಕಿತ್ತು ತಿಂದಿದೆ ಅನ್ನುತ್ತಿದ್ದಳು. ಮಾವ ಟ್ರಾಕ್ಟರಿನವನು ಆಳಕ್ಕೆ ಮುಚ್ಚಿಬಿಟ್ಟ ಅನ್ನುತ್ತಿದ್ದ. ಟ್ರಾಕ್ಟರಿನವನು ಮಳೆ ಸಾಲದು ಅನ್ನುತ್ತಿದ್ದ. ಬೀದಿಯವರು ಇರುವೆ ಅಂದರು, ಅಳಿಲು ಅಂದರು. ನೆತ್ತಿ ತಿಂದ ಟಗರಿನ ಹೆಸರೂ ಬಂತು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ನಮ್ಮವ್ವ. ಮೊಳೆಯದ ಒಂದು ಬೀಜವನ್ನು ಮಣ್ಣಿಂದ ಕೆದಕಿ ತೆಗೆದು, ಬೆರಳಲ್ಲಿ ಹಿಚುಕಿ, ಎಲ್ಲರ ಮೂಗಿನ ಮುಂದೆ ಹಿಡಿದು, "ನೋಡು, ಒಳಗೆ ಉಳ! ಬೀಜಾನೇ ಸೆರಿ ಇಲ್ಲ! ಇದನ್ನ ಕೊಟ್ಟೋನ್ನ ನಾನ್ ಇವತ್ತು ಬಿಡಲ್ಲ!" ಅನ್ನುತ್ತಿದ್ದಳು.

ನಾನು ಅವ್ವನ ಮುಖವನ್ನೇ ನೋಡುತ್ತಾ ನಿಂತೆ. ಅವಳ ಕೈಯ ಮಾತನ್ನು ಅಲ್ಲಿ ಯಾರೂ ಎತ್ತಲಿಲ್ಲ. ಅವಳಿಗೂ ಅದು ನೆನಪಿಗೆ ಬಂದಿರಲಿಲ್ಲ.